ಎದುರು ಕುರ್ಚಿಯ ವಾದ

ಜುಲೈ 9

ಕಾನೂನು ವಿಭಾಗದ ಮುಖ್ಯಸ್ಥರಿಗೆ,
(ಮುಂದಿನ ವಾರದ ಸಂತಾಪ ಸಭೆಯಲ್ಲಿ ಓದಿ ಹೇಳಲು)

ಸಭೆಯಲ್ಲಿ ನೆರೆದಿರುವ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಮತ್ತು ಕಚೇರಿಯ ಸಿಬ್ಬಂದಿಗೆ ನನ್ನ ಹಾಗೂ ನನ್ನ ಪತ್ನಿಯ ವಂದನೆಗಳು. ಕೆಲಸ ಬಿಟ್ಟು ಬಂದಿದ್ದೀರಿ. ನನ್ನ ಮಗಳಿಗಾಗಿ ಒಂದಷ್ಟು ಹೊತ್ತು ಸುಮ್ಮನೆ ಕುಳಿತಿರುತ್ತೀರಿ. ಸುಮ್ಮನೆ ಕೂರುವುದು ಅಧ್ಯಾಪಕರಿಗೆ ಎಷ್ಟು ಕಷ್ಟವೆಂದು ಅವಳಿಂದ ಬಲ್ಲೆ, ಆದ್ದರಿಂದ ಕೃತಜ್ಞನಾಗಿದ್ದೇನೆ.

ಆದರೆ ನಿಮ್ಮ ಅನುಕಂಪವನ್ನು ಸ್ವೀಕರಿಸಲಾರೆ. ಗೌರವಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇನೆ. ಕಾರಣ ಹೇಳದೆ ಹಿಂದಿರುಗಿಸಿದರೆ ಅವಳ ತಂದೆ ಎನಿಸಿಕೊಳ್ಳಲಾರೆ, ಕಾರಣ ಇದು. ನೀವು ಕಳಿಸಿರುವ ಸಂತಾಪ ಠರಾವಿನ ಕರಡಿನಲ್ಲಿ "ಸರ್ವಾನುಮತದಿಂದ" ಎಂಬ ಮಾತಿದೆ. ನನ್ನ ಮಗಳು ಬೆಳಗ್ಗೆ ನಿಮ್ಮ ಕಟ್ಟಡದಲ್ಲಿ ಕಾನೂನು ಹೇಳಿಕೊಟ್ಟಳು, ಮಧ್ಯಾಹ್ನ ರಸ್ತೆ ದಾಟಿ ಎದುರಿನ ಕಟ್ಟಡದಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟಳು. ಇಪ್ಪತ್ತೊಂದು ವರ್ಷ ಹೀಗೆ ನಡೆಯಿತು. ಇವಳ ಬಗ್ಗೆ ಈ ಎರಡು ಕಟ್ಟಡಗಳು ಒಮ್ಮತಕ್ಕೆ ಬಂದದ್ದು ನನಗೆ ತಿಳಿದಂತೆ ಒಂದೇ ವಿಷಯದಲ್ಲಿ: ಅವಳು ಪ್ರಾಧ್ಯಾಪಕಿಯಾಗಲು ತಕ್ಕವಳಲ್ಲ ಎಂಬುದರಲ್ಲಿ. ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಇಲ್ಲವೆಂದಿರಿ. ಈಗ ಅವಳು ಸತ್ತ ಮೇಲೆ ನಿಮ್ಮಲ್ಲಿ ಇದ್ದಕ್ಕಿದ್ದಂತೆ ಒಮ್ಮತ ಮೂಡಿದೆ. ಬದುಕಿದ್ದವಳಿಗೆ ಸಿಗದ ಮತಗಳು ನನಗೆ ಬೇಡ.

ನಾನು ಬರಲಾಗುತ್ತಿಲ್ಲ. ಪ್ರಯಾಣ ಕಷ್ಟ ಎಂದು ಹೇಳಬಹುದಿತ್ತು. ಅದು ಕಾರಣವಲ್ಲ.

ಅವಳ ತಂದೆ

ಜುಲೈ 20

ಮಾನ್ಯ ಹಿರಿಯರೇ,

ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ಬೇರೆ ಯಾರ ಕೈಗಾದರೂ ಕೊಡಿ ಎಂದು ಕುಲಸಚಿವರು ಪಿಸುಗುಟ್ಟಿದರು. ಕೊಡಲಿಲ್ಲ. ಒಮ್ಮತದ ಮಾತು ಬಂದಾಗ ಹಿಂದಿನ ಸಾಲಿನ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ತಟ್ಟಬಾರದಿತ್ತು ಎಂದು ಹೊಳೆದು ಕೈ ಎಲ್ಲಿಡಬೇಕೆಂದು ತಿಳಿಯದೆ ಕುಳಿತರು. ರಾಜ್ಯಶಾಸ್ತ್ರದವರು ಮುಖ ಗಂಟಿಕ್ಕಿಕೊಂಡು ಹೊರಟರು. ನಿಮ್ಮ ಮಗಳು ಇದ್ದಿದ್ದರೆ ಇದನ್ನೆಲ್ಲ ಕಂಡು ಖುಷಿಪಡುತ್ತಿದ್ದಳು. ಠರಾವಿನಿಂದ ಆ ಪದವನ್ನು ತೆಗೆಸಿದ್ದೇನೆ.

ಅವಳ ಕೋಣೆಯನ್ನು ನಾನೇ ಜೋಡಿಸುತ್ತಿದ್ದೇನೆ. ಪುಸ್ತಕಗಳನ್ನು ನಿಮಗೆ ಕಳಿಸುವ ಏರ್ಪಾಡಾಗಿದೆ. ಎರಡು ವಸ್ತು ಮಾತ್ರ ಉಳಿದಿವೆ: ಅಂಚು ನೆಗ್ಗಿದ ಸ್ಟೀಲಿನ ಲೋಟ ಮತ್ತು ಒಂದು ಚಮಚ. ಶುಕ್ರವಾರ ಎರಡೂ ಕಟ್ಟಡದ ಮಕ್ಕಳನ್ನು ಸೇರಿಸಿ ಅವಳು ಒಂದು ತರಗತಿ ನಡೆಸುತ್ತಿದ್ದಳು. ಮುಂದೆ ಎದುರುಬದುರು ಎರಡು ಕುರ್ಚಿ. ವಾದ ಕಾವೇರಿದಾಗ ಇವಳು ಚಮಚದಿಂದ ಲೋಟ ಬಡಿಯುತ್ತಿದ್ದಳು. ಆಗ ಇಬ್ಬರೂ ಎದ್ದು ಕುರ್ಚಿ ಬದಲಿಸಿ, ಅಲ್ಲಿಯವರೆಗೆ ತಾವು ಹೊಡೆದುಹಾಕುತ್ತಿದ್ದ ಪಕ್ಷವನ್ನೇ ಎತ್ತಿ ಹಿಡಿಯಬೇಕು. ಮಕ್ಕಳು ಇವಳಿಗೆ "ಎದುರು ಮೇಡಂ" ಎಂದೇ ಹೆಸರಿಟ್ಟಿದ್ದರು. ಲೋಟವನ್ನು ಮನೆಗೆ ಕಳಿಸಲೇ?

ಇನ್ನೊಂದು ವಿಷಯ ತಿಳಿಸಬೇಕು. ನಿಮ್ಮ ಮಗಳಿಗೆ ಮರಣೋತ್ತರವಾಗಿ ಪ್ರಾಧ್ಯಾಪಕಿ ಪದವಿ ನೀಡಲು ವಿಶ್ವವಿದ್ಯಾಲಯದ ಆಡಳಿತ ಮಂಡಳಿ ತೀರ್ಮಾನಿಸಿದೆ. ಅವಳ ಕೋಣೆಯ ಬಾಗಿಲಿಗೆ ಹೊಸ ಫಲಕ ಹಾಕುತ್ತಾರೆ. ಸೆಪ್ಟೆಂಬರ್ ಇಪ್ಪತ್ತರಂದು ಸಮಾರಂಭ. ಆದೇಶವನ್ನು ನೀವೇ ಬಂದು ಸ್ವೀಕರಿಸಬೇಕೆಂದು ಎಲ್ಲರ ಅಪೇಕ್ಷೆ. ಒಪ್ಪಿಗೆ ತಿಳಿಸುವಿರಾ?

ಮುಖ್ಯಸ್ಥೆ, ಕಾನೂನು ವಿಭಾಗ

ಜುಲೈ 27

ಮಾನ್ಯ ಮುಖ್ಯಸ್ಥರಿಗೆ,

ಮೊದಲು ಲೋಟದ ವಿಚಾರ. ಅದು ನಮ್ಮ ಮನೆಯದು. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಆಮೇಲೆ ಬದುಕಿಡೀ ಸರ್ಕಾರಿ ವಕೀಲನಾಗಿ ಒಂದೇ ಪಕ್ಷ ವಾದಿಸಬೇಕಾಯಿತು. ಇನ್ನೊಂದರ ಚಪಲವನ್ನು ಊಟದ ಮೇಜಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಮಗಳಿಗೆ ಏಳೆಂಟು ವರ್ಷವಾದಾಗಿನಿಂದ ನಾನು ಲೋಟ ಬಡಿದರೆ ನಾವಿಬ್ಬರೂ ಕುರ್ಚಿ ಬದಲಿಸುತ್ತಿದ್ದೆವು. "ಅಪ್ಪ ಮಗಳು ನ್ಯಾಯ ತೀರಿಸೋ ಹೊತ್ತಿಗೆ ಊಟ ಆರಿಹೋಗಿರುತ್ತೆ, ಆಮೇಲೆ ಚೆನ್ನಾಗಿಲ್ಲ ಅಂತ ನನ್ನ ಮೇಲೆ ಕೇಸು ಹಾಕ್ತೀರಿ" ಎಂದು ನನ್ನ ಪತ್ನಿ ರೇಗುತ್ತಿದ್ದಳು. ತೀರ್ಪು ಯಾವಾಗಲೂ ನನ್ನದು. ಅವಳು ಗೆದ್ದಳೆಂದು ನಾನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಅವಳು ಅಷ್ಟಕ್ಕೇ ನಿಂತುಬಿಡುತ್ತಿದ್ದಳು. ಈ ಅಭಿಪ್ರಾಯವನ್ನು ಈಗಲೂ ಬದಲಿಸಿಲ್ಲ. ಲೋಟದ ಬಗ್ಗೆ ಮುಂದೆ ತಿಳಿಸುತ್ತೇನೆ.

ಇನ್ನು ಪದವಿ. ನನ್ನ ಮಗಳು ಜೀವನಪೂರ್ತಿ ಬರೆದದ್ದು ಒಂದೇ ವಿಷಯದ ಮೇಲೆ: ಇನ್ನೊಬ್ಬರ ಬದುಕಿನ ಬಗ್ಗೆ ಅಧಿಕಾರದಲ್ಲಿರುವವರು ಒಂದು ನಿರ್ಧಾರ ತೆಗೆದುಕೊಂಡರೆ, ಕಾರಣವನ್ನೂ ಬಾಯಿಬಿಟ್ಟು ಹೇಳಬೇಕು. "ಕಾರಣವಿಲ್ಲದ ಆದೇಶ ಬರೀ ತೋಳ್ಬಲ" ಎಂದು ಬರೆದಳು. ನಾನು ನ್ಯಾಯಾಲಯದಲ್ಲಿ ಸಮರ್ಥಿಸಿದ ಸರ್ಕಾರಿ ಆದೇಶಗಳನ್ನೇ ತರಗತಿಯಲ್ಲಿ ಕೆಟ್ಟ ಉದಾಹರಣೆಯಾಗಿ ಓದಿಸುತ್ತಿದ್ದಳಂತೆ. ರಜೆಗೆ ಬಂದಾಗ ಅವಳೇ ಹೇಳಿದಳು: "ಅಪ್ಪಾ, ನಿಮ್ಮ ಹೆಸರು ಹೇಳಲ್ಲ. ಹೇಳದೆಯೇ ಹುಡುಗರು ಬಯ್ತಾರೆ."

ಅಂಥವಳನ್ನು ನೀವು ಮೂರು ಸಲ ಕಾರಣ ಹೇಳದೆ ಹಿಂದಕ್ಕೆ ಕಳಿಸಿದಿರಿ. ಪ್ರತಿ ಸಲವೂ ಫೋನಿನಲ್ಲಿ "ಈ ಸಲವೂ ಆಗಲಿಲ್ಲಪ್ಪ" ಎನ್ನುತ್ತಿದ್ದಳು. "ಯಾಕಂತೆ?" ಎಂದರೆ "ಹೇಳಿಲ್ಲ" ಎನ್ನುತ್ತಿದ್ದಳು. ನಿಮ್ಮ ವಿಭಾಗದ ಬಡ್ತಿ ಸಮಿತಿಯ ಅಧ್ಯಕ್ಷರು ನೀವೇ ಎಂದು ನನಗೆ ಗೊತ್ತು. ಮೂರೂ ಸಲದ ಕಾರಣ ತಿಳಿಸಿ. ಒಪ್ಪಿಗೆಯ ಮಾತು ಅದರ ನಂತರ.

ಅವಳ ತಂದೆ

ಆಗಸ್ಟ್ 6

ಮಾನ್ಯ ಹಿರಿಯರೇ,

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರಿಸುತ್ತೇನೆ.

ಮೊದಲ ಸಲ ನಮ್ಮ ಸಮಿತಿ, "ಇವರ ಬರಹಗಳಲ್ಲಿ ಅರ್ಧ ರಾಜ್ಯಶಾಸ್ತ್ರ, ಅಲ್ಲಿ ಕೇಳಲಿ" ಎಂದಿತು. ಅವಳು ಅಲ್ಲಿ ಕೇಳಿದಾಗ, ಅದು ಎರಡನೆಯ ಸಲ, "ಅರ್ಧ ಕಾನೂನು, ಅಲ್ಲಿಯೇ ಕೇಳಲಿ" ಎಂದರು. ಕಡತ ರಸ್ತೆ ದಾಟಿ ದಾಟಿ ಸವೆಯಿತು. ಮೊದಲ ಸಲ ನಾನು ಅವಳ ಪರವಾಗಿ ಮಾತಾಡಿದೆ, ಆದರೆ ಪಟ್ಟು ಹಿಡಿಯಲಿಲ್ಲ. ಆ ವರ್ಷ ನನ್ನ ವಿಭಾಗಕ್ಕೆ ಬೇರೆ ಹುದ್ದೆಗಳೂ ಬೇಕಿದ್ದವು. ಜೋರಾಗಿ ಮಾತಾಡಿದರೆ ಅವೂ ಹೋಗುತ್ತಿದ್ದವು. ಎರಡೂ ಸಲದ ಕಾರಣವನ್ನು ಅವಳಿಗೂ ಹೇಳಿದ್ದೆ. "ಕಾರಣ ಹೇಳಿದಿರಲ್ಲ, ಸಾಕು ಮೇಡಂ" ಎಂದಿದ್ದಳು.

ಮೂರನೆಯ ಸಲದ ಕಡತ ಹಾಗೆಯೇ ಮುಗಿಯಿತು. ಅದನ್ನು ಕೆದಕುವುದರಿಂದ ಈಗ ಯಾರಿಗೂ ಪ್ರಯೋಜನವಿಲ್ಲ ಎಂಬುದು ನನ್ನ ವಿನಂತಿ. ಸಮಾರಂಭದ ಬಗ್ಗೆ ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದೇನೆ.

ಮುಖ್ಯಸ್ಥೆ

ಆಗಸ್ಟ್ 10

ಮಾನ್ಯ ಮುಖ್ಯಸ್ಥರಿಗೆ,

"ಹಾಗೆಯೇ ಮುಗಿಯಿತು" ಎಂಬ ಉತ್ತರವನ್ನು ಪೊಲೀಸ್ ಪೇದೆ ಹೇಳಿದರೂ ನಾನು ಸಾಕ್ಷಿಕಟ್ಟೆಯಿಂದ ಇಳಿಯಗೊಟ್ಟವನಲ್ಲ. ನೀವು ಕಾನೂನು ಕಲಿಸುವವರು.

ಮೊದಲೆರಡು ಸಲದ ಕಾರಣಗಳನ್ನು ನೀವು ಅವಳಿಗೆ ತಿಳಿಸಿದ್ದಿರಿ ಎಂದು ಬರೆದಿದ್ದೀರಿ. ಹಾಗಾದರೆ "ಹೇಳಿಲ್ಲ" ಎಂದು ಅವಳೇಕೆ ನನಗೆ ಹೇಳಿದಳು? ನನ್ನ ಮಗಳು ಸುಳ್ಳು ಹೇಳುವವಳಲ್ಲ. ಆದ್ದರಿಂದ ಸುಳ್ಳು ನಿಮ್ಮ ಕಡೆ ಇರಬೇಕು. ಮೂರನೆಯ ಸಲದ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಅದಕ್ಕೇ.

ಆ ಮೂರನೆಯ ಸಲದ ಬಗ್ಗೆ ನಾನೂ ಒಂದು ಮಾತು ತಿಳಿಸುತ್ತೇನೆ, ನಿಮ್ಮ ಮೌನದ ಬೆಲೆ ನಿಮಗೆ ತಿಳಿಯಲಿ ಎಂದು. ಆ ಸಲ ಆಗಿಯೇ ತೀರುತ್ತದೆ ಎಂದು ನಂಬಿದ್ದೆ. ಅವಳ ಎರಡನೆಯ ಪುಸ್ತಕ ಬಂದಿತ್ತು, ದೂರದ ವಿಶ್ವವಿದ್ಯಾಲಯಗಳಿಂದ ಕರೆ ಬರುತ್ತಿತ್ತು. ನಮ್ಮ ಗೇಟಿಗೆ ಹಾಕಲು ಹಿತ್ತಾಳೆಯ ಫಲಕವೊಂದನ್ನು ಮುಂಚೆಯೇ ಮಾಡಿಸಿದೆ. ಅವಳ ಹೆಸರು, ಕೆಳಗೆ "ಪ್ರಾಧ್ಯಾಪಕಿ, ಕಾನೂನು ಮತ್ತು ರಾಜ್ಯಶಾಸ್ತ್ರ". "ತೀರ್ಪು ಬರೋ ಮೊದಲೇ ಸಿಹಿ ಹಂಚಬೇಡಿ" ಎಂದು ಪತ್ನಿ ಹೇಳಿದಳು. ಕೇಳಲಿಲ್ಲ. ಆರು ವರ್ಷದಿಂದ ಅದು ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿದೆ. ನಾನು ಅದನ್ನು ತೆಗೆದು ನೋಡುವುದಿಲ್ಲ. ಅಲ್ಲಿದೆ ಎಂದು ಮಾತ್ರ ದಿನವೂ ಗೊತ್ತಿರುತ್ತದೆ.

ತಿಂಗಳೊಳಗೆ ಸ್ಪಷ್ಟ ಉತ್ತರ ಬಾರದಿದ್ದರೆ ವಕೀಲರ ಮೂಲಕ ಕೇಳುತ್ತೇನೆ. ಆ ವಕೀಲ ನಾನೇ ಆಗಿರುತ್ತೇನೆ.

ಅವಳ ತಂದೆ

ಆಗಸ್ಟ್ 24

ಮಾನ್ಯ ಹಿರಿಯರೇ,

ಎರಡು ವಾರ ಈ ಪತ್ರ ಬರೆಯಲಾರದೆ ಕಳೆದೆ. ಹೆದರಿಕೆಯಿಂದಲ್ಲ, ನಿಮ್ಮ ನೋಟಿಸು ಬಂದಿದ್ದರೆ ಅದನ್ನೂ ತರಗತಿಯಲ್ಲಿ ಓದಿಸುತ್ತಿದ್ದೆ. ಒಬ್ಬರಿಗೆ ಕೊಟ್ಟ ಮಾತು ಅಡ್ಡ ಬರುತ್ತಿತ್ತು. ಆದರೆ ನೀವು ನಿಮ್ಮ ಫಲಕದ ವಿಷಯ ಬರೆದ ಮೇಲೆ ಸುಮ್ಮನಿರಲಾಗುತ್ತಿಲ್ಲ.

ಮೂರನೆಯ ಸಲ ನಿಮ್ಮ ಮಗಳಿಗೆ ಪದವಿ ಸಿಕ್ಕಿತ್ತು. ಎರಡೂ ಸಮಿತಿಗಳು ಒಪ್ಪಿದವು. ಒಂದೇ ಷರತ್ತು: ಯಾವುದಾದರೂ ಒಂದು ಕಟ್ಟಡವನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡರೆ ಶುಕ್ರವಾರದ ತರಗತಿ ಇರುವುದಿಲ್ಲ, ಒಂದೇ ವಿಭಾಗದ ಪ್ರಾಧ್ಯಾಪಕರು ಎರಡು ಕಡೆಯ ಮಕ್ಕಳನ್ನು ಒಟ್ಟಿಗೆ ಕೂರಿಸಲು ನಿಯಮದಲ್ಲಿ ಅವಕಾಶವಿಲ್ಲ. ಮರುದಿನವೇ ಅವಳು ಬೇಡವೆಂದು ಹಿಂದಿರುಗಿಸಿದಳು. ಮೆಟ್ಟಿಲ ಮೇಲೆ ಅಡ್ಡಗಟ್ಟಿ ಕೇಳಿದೆ. ಆಡಿದ ಮಾತು ನೆನಪಿದ್ದಂತೆ ಬರೆಯುತ್ತೇನೆ.

"ಇಷ್ಟು ವರ್ಷ ಒದ್ದಾಡಿ, ಬಂದಾಗ ಬೇಡ ಅಂತೀಯಲ್ಲೇ?"

"ಒಂದು ಕಟ್ಟಡ ಆರಿಸ್ಕೊ ಅಂತೀರಿ. ಆಮೇಲೆ ಎದುರು ಕುರ್ಚಿಲಿ ಯಾರು ಕೂರ್ತಾರೆ ಮೇಡಂ? ಕಾನೂನಿನವರೇ ಕಾನೂನಿನವರ ಜತೆ ವಾದ ಮಾಡಿದ್ರೆ ಅದು ಕನ್ನಡಿ ಮುಂದೆ ನಿಂತು ಮೀಸೆ ತಿರುವಿದ ಹಾಗೆ."

"ನಿಮ್ಮ ಅಪ್ಪನಿಗೆ ಏನು ಹೇಳ್ತೀಯ?"

"ಈ ಸಲವೂ ಆಗಲಿಲ್ಲ, ಕಾರಣ ಹೇಳಿಲ್ಲ ಅಂತೀನಿ, ಹಿಂದಿನ ಎರಡು ಸಲ ಅಂದ ಹಾಗೇ. ಅವರು ಕೇಳಿದ್ರೆ ನೀವೂ ಹಾಗೇ ಅನ್ನಿ."

"ಯಾಕೆ?"

"ಕಾರಣ ಹೇಳದೆ ತಿರಸ್ಕಾರ ಮಾಡಿದ್ರು ಅಂದ್ರೆ ಅಪ್ಪನಿಗೆ ಸಿಟ್ಟು ಬರುತ್ತೆ. ಸಿಟ್ಟಿದ್ರೆ ಅವರು ಚೆನ್ನಾಗಿರ್ತಾರೆ. ನಿಮ್ಮನ್ನ ಬೈಕೊಂಡು ಎರಡು ಹೊತ್ತೂ ಹೊಟ್ಟೆ ತುಂಬ ಊಟ ಮಾಡ್ತಾರೆ. ನಾನೇ ಬೇಡ ಅಂದೆ ಅಂದ್ರೆ ಮಾತು ಬಿಟ್ಟುಬಿಡ್ತಾರೆ."

"ಅಂದ್ರೆ ಬೈಸಿಕೊಳ್ಳೋದು ನಾನು."

"ನಿಮಗೆ ಅಭ್ಯಾಸ ಇದೆ ಮೇಡಂ."

ಮೆಟ್ಟಿಲಿಳಿದು, ಚೀಲ ಹೆಗಲಿಗೇರಿಸಿ, ರಸ್ತೆ ದಾಟಿ ಎದುರಿನ ಕಟ್ಟಡಕ್ಕೆ ಹೋದಳು. ಅವಳಿಗೆ ಮಧ್ಯಾಹ್ನದ ಪಾಠವಿತ್ತು. ಹಿರಿಯರೇ, ಆರು ವರ್ಷ ನಿಮ್ಮಿಂದ ಬೈಸಿಕೊಂಡಿದ್ದೇನೆ. ಇನ್ನೂ ಬೈದರೆ ಬೇಸರವಿಲ್ಲ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಮರಣೋತ್ತರ ಪದವಿಯ ತೀರ್ಮಾನವಾದ ಸಭೆಯಲ್ಲೇ ಶುಕ್ರವಾರದ ತರಗತಿಯನ್ನು ಈ ಅವಧಿಯ ಕೊನೆಗೆ ನಿಲ್ಲಿಸುವ ತೀರ್ಮಾನವೂ ಆಯಿತು. ಕಾರಣ ಬರೆದಿಲ್ಲ. ನಾನು ವಿರೋಧಿಸಿದೆ, ಈ ಸಲ ಜೋರಾಗಿಯೇ. ಒಬ್ಬಳೇ ಆದೆ. ಸಾಕಾಗಿದೆ. ಬರುವ ವರ್ಷ ನಿವೃತ್ತಳಾಗುತ್ತೇನೆ.

ಮುಖ್ಯಸ್ಥೆ

ಸೆಪ್ಟೆಂಬರ್ 9

ಮಾನ್ಯ ಹಿರಿಯರೇ,

ನಿಮ್ಮಿಂದ ಉತ್ತರವಿಲ್ಲ. ಫೋನು ಮಾಡಿದಾಗ ನಿಮ್ಮ ಪತ್ನಿ ಎತ್ತಿಕೊಂಡರು. "ಇದ್ದಾರೆ. ಮಾತಾಡ್ತಿಲ್ಲ" ಎಂದರು. ಮಗಳು ಹೇಳಿದಂತೆಯೇ ಆಯಿತಲ್ಲ ಎಂದುಕೊಂಡೆ. ಅವಳ ಮಾತು ಮೀರಿದ್ದಕ್ಕೆ ಪಶ್ಚಾತ್ತಾಪವಿದೆ ಎಂದೂ ಹೇಳಬಲ್ಲೆ, ಇಲ್ಲ ಎಂದೂ ಹೇಳಬಲ್ಲೆ. ಯಾವ ಕುರ್ಚಿಯಲ್ಲಿ ಕುಳಿತಿದ್ದೇನೆ ಎಂಬುದರ ಮೇಲೆ ನಿಂತಿದೆ.

ಶುಕ್ರವಾರದ ತರಗತಿಯನ್ನು ಅವಧಿ ಮುಗಿಯುವವರೆಗೆ ವಿಶೇಷ ಅನುಮತಿಯ ಮೇಲೆ ನಾನೇ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ದಿನ ಲೋಟ ಬಡಿದೆ. ಅಟೆಂಡರ್ ಓಡಿಬಂದು ನೀರು ತುಂಬಿಸಿಟ್ಟು ಹೋದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೇಗೆ ಬಡಿಯಬೇಕು, ಯಾವಾಗ ಬಡಿಯಬೇಕು, ನನಗೆ ತಿಳಿಯುತ್ತಿಲ್ಲ. ಇಬ್ಬರಲ್ಲಿ ಒಬ್ಬರು ಗೆಲ್ಲುತ್ತಿರುವಾಗಲೋ, ಸೋಲುತ್ತಿರುವಾಗಲೋ?

ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಮಂಡಳಿಯವರು ನಿಮ್ಮ ಮೌನವನ್ನೇ ಒಪ್ಪಿಗೆ ಎಂದುಕೊಂಡಿದ್ದಾರೆ.

ಮುಖ್ಯಸ್ಥೆ

ಸೆಪ್ಟೆಂಬರ್ 17

ಮಾನ್ಯ ಮುಖ್ಯಸ್ಥರಿಗೆ,

ಗೆಲ್ಲುತ್ತೇನೆ ಎಂದು ಒಬ್ಬನಿಗೆ ಖಚಿತವಾದ ಕ್ಷಣದಲ್ಲಿ ಬಡಿಯಬೇಕು. ಅದಕ್ಕಿಂತ ಮೊದಲು ಬಡಿದರೆ ಆಟ, ತಡವಾಗಿ ಬಡಿದರೆ ಶಿಕ್ಷೆ. ಲೋಟವನ್ನು ಮನೆಗೆ ಕಳಿಸಬೇಡಿ.

ನಿಮ್ಮ ಮೇಲೆ ಹೊರಿಸಿದ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸಿಟ್ಟಿಗೆ ಈಗ ಯಾರೂ ಉಳಿದಿಲ್ಲ. ಅವಳು ಹೇಳಿದ್ದು ಸರಿ, ಊಟ ಸೇರುತ್ತಿಲ್ಲ.

ಕೆಳಗಿನದನ್ನು ಇಪ್ಪತ್ತರಂದು ಸಭೆಯಲ್ಲಿ ಓದಿ. ಬೇರೆ ಯಾರ ಕೈಗೂ ಕೊಡಬೇಡಿ.

ಮಾನ್ಯ ಆಡಳಿತ ಮಂಡಳಿಯವರೇ, ಅಧ್ಯಾಪಕರೇ, ಎರಡೂ ಕಟ್ಟಡಗಳ ವಿದ್ಯಾರ್ಥಿಗಳೇ,

ನನ್ನ ಮಗಳಿಗೆ ಪ್ರಾಧ್ಯಾಪಕಿ ಪದವಿ ಕೊಡಲು ಮುಂದಾಗಿದ್ದೀರಿ. ಈ ಒಂದು ಪದ ಅವಳ ಹೆಸರಿನ ಕೆಳಗೆ ಕಾಣಬೇಕೆಂದು ನಾನು ಆಸೆಪಟ್ಟಷ್ಟು ಬೇರೆ ಯಾರೂ ಪಟ್ಟಿಲ್ಲ, ಅವಳೂ ಪಟ್ಟಿರಲಿಲ್ಲ. ಆದ್ದರಿಂದ ನಿರ್ಧಾರಕ್ಕೆ ಬರುವ ಮೊದಲು ನಮ್ಮ ಮನೆಯ ಪದ್ಧತಿಯಂತೆ ವಾದ ನಡೆಸಿದೆ. ಮೊನ್ನೆ ಮಧ್ಯಾಹ್ನ ಊಟದ ಮೇಜಿನ ಬಳಿ ನನ್ನ ಕುರ್ಚಿಯಲ್ಲಿ ಕುಳಿತು, ಸ್ವೀಕರಿಸಬೇಕು ಎಂಬ ಪಕ್ಷ ಹಿಡಿದೆ. ಅವಳು ಇದಕ್ಕೆ ಅರ್ಹಳು, ಎರಡು ಸಲ ಆದದ್ದು ಅನ್ಯಾಯ. ಮೂರನೆಯ ಸಲ ಅವಳು ಬೇಡವೆಂದದ್ದು ತರಗತಿ ಉಳಿಸಲು. ಸತ್ತವಳಿಗೆ ಉಳಿಸಿಕೊಳ್ಳಲು ಯಾವ ತರಗತಿಯೂ ಇಲ್ಲ, ಆದ್ದರಿಂದ ಆ ಕಾರಣ ಈಗ ಬಿದ್ದುಹೋಗಿದೆ. ಹೆತ್ತವರಿಗೆ ಒಂದು ಸಮಾಧಾನ. ಚೆನ್ನಾಗಿಯೇ ವಾದಿಸಿದೆ. ಗೆಲ್ಲುತ್ತೇನೆ ಎಂದು ಖಚಿತವಾದಾಗ ಕೈಗೆ ಸಿಕ್ಕ ಇನ್ನೊಂದು ಲೋಟ ಬಡಿದು, ಎದ್ದು, ಕಿಟಕಿಯ ಪಕ್ಕದ ಅವಳ ಕುರ್ಚಿಯಲ್ಲಿ ಕುಳಿತೆ.

ಅಲ್ಲಿಂದ ಹೊರಟ ಮಾತು ಇಷ್ಟು: "ಅಪ್ಪಾ, ಬದುಕಿದ್ದಾಗ ಕಣ್ಣು ಬಿಟ್ಟುಕೊಂಡು ಬೇಡ ಅಂದದ್ದನ್ನ, ಸತ್ತ ಮೇಲೆ ಕೊರಳಿಗೆ ಹಾಕೋದು ಗೌರವನಾ? ಎದ್ದು ಉತ್ತರ ಕೊಡೋಕೆ ನಾನಿಲ್ಲ. ನಿಮ್ಮ ವಾದಕ್ಕೆ ಇರೋ ಬಲ ಅದೊಂದೇ ಅಲ್ವಾ? ನಾನು ಬೇಡ ಅಂದಿದ್ದು ಆ ತರಗತಿಗೋಸ್ಕರ. ಅದನ್ನ ಮುಚ್ಚಿದ ಕೈಲೇ ಇದನ್ನ ಕೊಡ್ತಿದ್ದಾರೆ. ತಗೊಂಡ್ರೆ ಮುಚ್ಚಿದ್ದಕ್ಕೆ ನೀವು ರುಜು ಹಾಕಿದ ಹಾಗೆ."

ನನ್ನ ಕುರ್ಚಿಗೆ ಮರಳಿದೆ. ಪತ್ನಿ ಅಡುಗೆಮನೆಯ ಬಾಗಿಲಿಗೆ ಬಂದು, "ಒಬ್ಬರೇ ಇಬ್ಬರ ಹಾಗೆ ಕೂಗಾಡ್ತಿದ್ದೀರಲ್ಲ, ಗೆದ್ದೋರು ಯಾರು?" ಎಂದು ಕೇಳಿದಳು.

"ಅವಳು" ಎಂದೆ. ಆ ಮೇಜಿನ ಬಳಿ ಇಂಥ ತೀರ್ಪು ಕೊಟ್ಟದ್ದು ಅದೇ ಮೊದಲು.

ಪದವಿ ಬೇಕೋ ಬೇಡವೋ ಎಂದು ಪತ್ನಿಯ ಅಭಿಪ್ರಾಯ ಕೇಳಿದೆ. "ಅದು ನಿಮ್ಮ ಮೂರು ಜನದ ವ್ಯವಹಾರ, ನೀವು, ಅವಳು, ಆ ಯೂನಿವರ್ಸಿಟಿ. ನೀವೇ ನೋಡ್ಕೊಳ್ಳಿ. ನನಗೆ ಬೇಕಾಗಿದ್ದು ಅವಳು" ಎಂದು ಒಳಗೆ ಹೋದಳು. ಆದ್ದರಿಂದ ಮುಂದೆ ಹೇಳುವುದು ನಾನೊಬ್ಬನೇ ತೆಗೆದುಕೊಂಡ ನಿರ್ಧಾರ. ಇದರ ಬಗ್ಗೆ ಅವಳ ತಾಯಿಯನ್ನಾಗಲಿ ಮುಖ್ಯಸ್ಥರನ್ನಾಗಲಿ ಯಾರೂ ಪ್ರಶ್ನಿಸಬಾರದು.

ಶುಕ್ರವಾರದ ತರಗತಿಯನ್ನು ನಿಲ್ಲಿಸುವ ತೀರ್ಮಾನಕ್ಕೆ ನೀವು ಕಾರಣ ಬರೆದಿಲ್ಲ. ಬರೆಯಿರಿ. ಬರೆದು ಎರಡೂ ಕಟ್ಟಡಗಳ ಬಾಗಿಲಿಗೆ ಅಂಟಿಸಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಅದನ್ನು ಓದಿ ಉತ್ತರ ಕೊಡುತ್ತಾರೆ. ಅದಕ್ಕೆ ಬೇಕಾದದ್ದನ್ನು ಅವಳು ಕಲಿಸಿ ಹೋಗಿದ್ದಾಳೆ. ಇದು ಚೌಕಾಸಿಯಲ್ಲ. ನೀವು ತರಗತಿಯನ್ನು ಉಳಿಸಿದರೂ ನನ್ನ ನಿರ್ಧಾರ ಬದಲಾಗುವುದಿಲ್ಲ.

ಅವಳ ಕೋಣೆಯ ಬಾಗಿಲಿನಲ್ಲಿರುವ ಹಳೆಯ ಫಲಕ ಹಾಗೆಯೇ ಇರಲಿ. ಎರಡು ಕುರ್ಚಿಗಳ ನಡುವೆ ನಿಂತು ಪಾಠ ಮಾಡಬಲ್ಲವರು ಯಾರಾದರೂ ಆ ಕೋಣೆಗೆ ಬಂದ ದಿನ ಅದನ್ನೂ ತೆಗೆದು ಅವರ ಹೆಸರು ಹಾಕಿ. ನಮ್ಮ ಮನೆಯಲ್ಲಿ ಹಿತ್ತಾಳೆಯ ಫಲಕವೊಂದಿತ್ತು. ಇಂದು ಬೆಳಿಗ್ಗೆ ಪಂಚೆ ಬಿಚ್ಚಿ ನೋಡಿದೆ. ಅಕ್ಷರಗಳು ಚೆನ್ನಾಗಿ ಬಂದಿವೆ. ಮತ್ತೆ ಸುತ್ತಿಟ್ಟೆ, ಗೇಟಿಗೆ ಹಾಕುವುದಿಲ್ಲ.

ನನ್ನ ಮಗಳು ಹಿಂದಿರುಗಿಸಿದ ಪದವಿಯನ್ನು, ಅವಳ ಪರವಾಗಿ, ನಾನು ಸ್ವೀಕರಿಸುವುದಿಲ್ಲ.

ಅವಳ ತಂದೆ